ಕತ್ತಲಲ್ಲಿ ಆಡಿದ ಮಾತು



ಷೇಕ್ಸ್‌ಪಿಯರನ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದ ಎರಡನೆಯ ಅಂಕ, ಎರಡನೆಯ ದೃಶ್ಯ. ಇವತ್ತು ನಾನು ಮಾತಾಡಲಿರುವುದು ಇಷ್ಟರ ಬಗ್ಗೆಯೇ. ಸುಮಾರು 190 ಸಾಲುಗಳ ದೃಶ್ಯ ಅದು. ಇಡೀ ನಾಟಕದ ಬಗ್ಗೆ ಹೇಳಬಹುದಾಗಿತ್ತಲ್ಲ ಎಂದು ಸಂಘಟಕರು ಕೇಳಿದರು. ಆದರೆ ಈ ದೃಶ್ಯವನ್ನು ವರ್ಷಗಟ್ಟಲೆ ಪಾಠ ಮಾಡಿದ ಮೇಲೂ ಅದರೊಳಗೆ ಇನ್ನೂ ಏನೋ ಉಳಿದಿದೆ ಎಂದು ನನಗೆ ಅನಿಸುತ್ತಲೇ ಇದೆ. ಉಳಿದದ್ದನ್ನು ನಿಮ್ಮೆದುರು ಇಟ್ಟು ನೋಡಬೇಕೆಂಬ ಆಸೆ.

ನಾಟಕವನ್ನು ಓದದವರ ಕಣ್ಣ ಮುಂದೆಯೂ ಈ ದೃಶ್ಯದ ಚಿತ್ರ ಇರುತ್ತದೆ. ಮೇಲೆ ಬಾಲ್ಕನಿಯಲ್ಲಿ ಹುಡುಗಿ, ಕೆಳಗೆ ತೋಟದಲ್ಲಿ ಹುಡುಗ, ನಡುವೆ ಬೆಳದಿಂಗಳು. ಈ ಚಿತ್ರದಲ್ಲಿ ಒಂದು ಅಂಶ ನಾಟಕದ್ದಲ್ಲ. ಬಾಲ್ಕನಿ ಎಂಬ ಶಬ್ದ ಷೇಕ್ಸ್‌ಪಿಯರನ ಪಠ್ಯದಲ್ಲಿ ಎಲ್ಲಿಯೂ ಇಲ್ಲ. 1597ರಲ್ಲಿ ಅಚ್ಚಾದ ಮೊದಲ ಕ್ವಾರ್ಟೊದಲ್ಲಿಲ್ಲ, 1599ರ ಎರಡನೆಯ ಕ್ವಾರ್ಟೊದಲ್ಲಿಲ್ಲ, 1623ರ ಫೋಲಿಯೊದಲ್ಲೂ ಇಲ್ಲ. ರೋಮಿಯೋ ನೋಡುವುದು ಒಂದು ಕಿಟಕಿಯನ್ನು. ಷೇಕ್ಸ್‌ಪಿಯರ್ ತೀರಿಕೊಂಡದ್ದು 1616ರಲ್ಲಿ. ಆ ಶಬ್ದ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡದ್ದು ಅದಾದ ಮೇಲೆ. 1611ರಲ್ಲಿ ತನ್ನ ಪ್ರವಾಸಕಥನವನ್ನು ಅಚ್ಚುಹಾಕಿಸಿದ ಥಾಮಸ್ ಕೊರ್ಯಟ್, ವೆನಿಸ್ಸಿನ ಮನೆಗಳ ಗೋಡೆಯಿಂದ ಹೊರಚಾಚಿದ ಪುಟ್ಟ ಮಾಳಿಗೆಯಂಥ ಕಟ್ಟಡ ಹೇಗಿರುತ್ತದೆಂದು ತನ್ನ ನಾಡಿನವರಿಗೆ ಬಿಡಿಸಿ ಹೇಳಬೇಕಾಯಿತು. 1679ರಲ್ಲಿ ಥಾಮಸ್ ಆಟ್ವೇ ಈ ಕಥೆಯನ್ನು ಪ್ರಾಚೀನ ರೋಮಿಗೆ ಒಯ್ದು ಹೊಸ ನಾಟಕ ಬರೆದ. ನಾಯಕಿ ಬಾಲ್ಕನಿಗೆ ಬಂದದ್ದು ಅದರಲ್ಲಿ. ಆಮೇಲೆ ರಂಗಭೂಮಿ ಅದನ್ನು ಬಿಡಲಿಲ್ಲ. ಇಟಲಿಯ ವೆರೋನಾ ಊರಿನಲ್ಲಿ ಇವತ್ತು ಪ್ರವಾಸಿಗರು ತಲೆಯೆತ್ತಿ ನೋಡುವ ಜೂಲಿಯೆಟ್ಟಳ ಬಾಲ್ಕನಿಯಂತೂ ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಹಳೆಯ ಮನೆಯೊಂದನ್ನು ಜೀರ್ಣೋದ್ಧಾರ ಮಾಡುವಾಗ ಕೂಡಿಸಿದ್ದು.

ಇದನ್ನು ಹೇಳಿದ್ದು ಯಾರ ನೆನಪನ್ನೂ ಒಡೆಯುವುದಕ್ಕಲ್ಲ. ಬಾಲ್ಕನಿ ಬಂದ ಮೇಲೆ ಆಗಿರುವ ಒಂದು ನಷ್ಟ ನನ್ನನ್ನು ಕಾಡುತ್ತದೆ. ಬಾಲ್ಕನಿಯ ಮೇಲಿನ ಹುಡುಗಿ ನೋಡುವುದಕ್ಕೆ ಇರುವವಳಾಗಿಬಿಡುತ್ತಾಳೆ. ಹೂವಿನ ಬಳ್ಳಿ, ಕಲ್ಲಿನ ಕೆತ್ತನೆಯ ಜೊತೆಗೆ ಅವಳೂ ಒಂದು ಅಲಂಕಾರ. ಆದರೆ ಈ ದೃಶ್ಯದಲ್ಲಿ ಯೋಚಿಸುವವಳು ಅವಳು. ಹೆಚ್ಚು ಸಾಲುಗಳೂ ಅವಳವೇ. ಮದುವೆಯ ಮಾತು ತೆಗೆಯುವವಳು, ನಾಳೆ ಆಳು ಕಳಿಸುತ್ತೇನೆ ಎನ್ನುವವಳು, ಎಷ್ಟು ಗಂಟೆಗೆ ಎಂದು ಕೇಳಿ ಒಂಬತ್ತಕ್ಕೆ ಗೊತ್ತುಮಾಡಿಕೊಳ್ಳುವವಳು ಅವಳು. ಆಗಿನ ರಂಗಮಂದಿರವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ತಲೆಯ ಮೇಲೆ ಬಯಲು. ಆಟ ನಡೆಯುವುದು ಮಧ್ಯಾಹ್ನದ ಬಿಸಿಲಲ್ಲಿ. ರಂಗದ ಹಿಂಗೋಡೆಯ ಮೇಲ್ಭಾಗದಲ್ಲಿ ಒಂದು ಗ್ಯಾಲರಿ. ಅಲ್ಲಿ ಹೆಣ್ಣುವೇಷ ಹಾಕಿದ ಹುಡುಗನೊಬ್ಬ. ಬೆಳದಿಂಗಳಿಲ್ಲ, ತೋಟವಿಲ್ಲ, ಹುಡುಗಿಯೂ ಇಲ್ಲ. ರಾತ್ರಿಯನ್ನು ಮಾತಿನಿಂದಲೇ ಕಟ್ಟಬೇಕು. ಆದ್ದರಿಂದ ಈ ದೃಶ್ಯಕ್ಕೆ ಮಾತೇ ಬಂಡವಾಳ. ಯಾವ ಮಾತನ್ನು ನಂಬಬಹುದು ಎಂಬುದೇ ಇದರ ಒಳಗಿನ ಪ್ರಶ್ನೆ ಕೂಡ.

ದೃಶ್ಯ ಶುರುವಾಗುವ ಬಗೆಯನ್ನೇ ನೋಡಿ. ಈಗಿನ ಪುಸ್ತಕಗಳಲ್ಲಿ ಇಲ್ಲಿ ಒಂದು ಗೆರೆ ಹಾಕಿ ‘ಎರಡನೆಯ ದೃಶ್ಯ’ ಎಂದು ಬರೆದಿರುತ್ತಾರೆ. ಹಳೆಯ ಪ್ರತಿಗಳಲ್ಲಿ ಆ ಗೆರೆ ಇಲ್ಲ. ಅದು ಮುಂದಿನ ಸಂಪಾದಕರು ಹಾಕಿದ್ದು. ಜೂಲಿಯೆಟ್ಟಳ ಮನೆಯ ಔತಣದಿಂದ ಹೊರಬಿದ್ದ ರೋಮಿಯೋ ಗೋಡೆ ಹಾರಿ ಅವಳ ತೋಟದೊಳಗೆ ಅಡಗಿದ್ದಾನೆ. ಹೊರಗೆ ಗೆಳೆಯರಾದ ಮರ್ಕ್ಯೂಶಿಯೋ, ಬೆನ್ವೋಲಿಯೋ ಅವನನ್ನು ಕೂಗುತ್ತ ಪೋಲಿ ಮಾತಾಡುತ್ತಿದ್ದಾರೆ. ಬೆನ್ವೋಲಿಯೋ ಆಡಿದ ಕೊನೆಯ ಸಾಲಿಗೂ ರೋಮಿಯೋನ ಮೊದಲ ಸಾಲಿಗೂ ಪ್ರಾಸ ಕೂಡುತ್ತದೆ. ಎಂದರೆ ಓಣಿಯ ಪೋಲಿ ಮಾತಿಗೂ ತೋಟದ ಒಲವಿನ ಮಾತಿಗೂ ನಡುವೆ ಉಸಿರಾಡುವಷ್ಟು ಕೂಡ ಬಿಡುವಿಲ್ಲ. ಆ ಓಣಿ ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ನೆನಪಿಡಿ. ಅದು ಮತ್ತೆ ಬರುತ್ತದೆ.

ರೋಮಿಯೋ ಮೊದಲು ಆಡುವುದು ಕಲಿತ ಮಾತು. ಅವಳು ಸೂರ್ಯ, ಅವಳ ಕಣ್ಣು ನಕ್ಷತ್ರ, ಅವಳು ದೇವದೂತೆ. ಚೆಲುವಾದ ಮಾತು, ಅನುಮಾನವಿಲ್ಲ. ಆದರೆ ಪ್ರೇಕ್ಷಕರಿಗೆ ಒಂದು ಸಂಗತಿ ಗೊತ್ತಿದೆ, ಜೂಲಿಯೆಟ್ಟಳಿಗೆ ಗೊತ್ತಿಲ್ಲ. ಅದೇ ದಿನ ಹಗಲಿನಲ್ಲಿ ಅವನು ರೋಸಲೈನ್ ಎಂಬ ಇನ್ನೊಬ್ಬ ಹುಡುಗಿಗಾಗಿ ಇಂಥವೇ ಮಾತುಗಳನ್ನು ಸುರಿಸುತ್ತಿದ್ದ. ಅವಳಿಗಿಂತ ಚೆಲುವೆ ಉಂಟೆಂದು ತನ್ನ ಕಣ್ಣು ಹೇಳಿದರೆ ಆ ಕಣ್ಣೇ ಸುಟ್ಟುಹೋಗಲಿ ಎಂಬಂತೆ ಆಣೆ ಇಟ್ಟಿದ್ದ. ಬಿಸಿಲಿಳಿದು ರಾತ್ರಿಯಾಗುವಷ್ಟರಲ್ಲಿ ಆ ಆಣೆ ಮುರಿದಿದೆ. ಈಗ ಜೂಲಿಯೆಟ್ಟಳ ಮುಂದೆ ಮತ್ತೆ ಆಣೆ ಇಡಲು ಹೋಗುತ್ತಾನೆ, ಚಂದ್ರನ ಮೇಲೆ. ಅವಳು ತಡೆಯುತ್ತಾಳೆ. ತಿಂಗಳು ತಿಂಗಳೂ ಬದಲಾಗುವ ಚಂದ್ರ ಬೇಡ ಎನ್ನುತ್ತಾಳೆ. ಮತ್ತೆ ಯಾವುದರ ಮೇಲೆ ಎಂದು ಅವನು ಕೇಳಿದರೆ, ಆಣೆಯೇ ಬೇಡ, ಇಡಲೇಬೇಕೆಂದಿದ್ದರೆ ನಿನ್ನ ಮೇಲೆಯೇ ಇಡು ಎನ್ನುತ್ತಾಳೆ. ಅವನು ಶುರುಮಾಡಿದರೆ ಅದನ್ನೂ ನಿಲ್ಲಿಸುತ್ತಾಳೆ. ರೋಸಲೈನಳ ವಿಷಯ ಗೊತ್ತಿಲ್ಲದೆಯೇ ಈ ಹುಡುಗಿ ಹುಡುಗನ ಮಾತಿನ ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದಾಳೆ. ಅವಳ ವಯಸ್ಸು ಇನ್ನೂ ಹದಿನಾಲ್ಕು ತುಂಬಿಲ್ಲ.

ವಯಸ್ಸಿನ ಮಾತು ಬಂದದ್ದರಿಂದ ಒಂದು ಹೆಜ್ಜೆ ಪಕ್ಕಕ್ಕೆ ಇಡುತ್ತೇನೆ. ಷೇಕ್ಸ್‌ಪಿಯರ್ ಈ ಕಥೆಯನ್ನು ಆರ್ಥರ್ ಬ್ರೂಕ್ 1562ರಲ್ಲಿ ಬರೆದ ದೀರ್ಘ ಕವಿತೆಯಿಂದ ಎತ್ತಿಕೊಂಡ. ಬ್ರೂಕನಲ್ಲಿ ಹುಡುಗಿಗೆ ಹದಿನಾರು. ಕಥೆ ಒಂಬತ್ತು ತಿಂಗಳ ಕಾಲ ನಡೆಯುತ್ತದೆ. ಷೇಕ್ಸ್‌ಪಿಯರ್ ವಯಸ್ಸನ್ನು ಇಳಿಸಿದ, ಕಾಲವನ್ನು ಭಾನುವಾರದಿಂದ ಗುರುವಾರದವರೆಗೆ, ನಾಲ್ಕೈದು ದಿನಕ್ಕೆ ಅದುಮಿದ. ಅವಳಿಗೇ ಆ ಅವಸರದ ಭಯವಿದೆ. ಇದೆಲ್ಲ ಮಿಂಚಿನ ಹಾಗೆ, ‘ಅಗೋ’ ಎನ್ನುವಷ್ಟರಲ್ಲಿ ಇಲ್ಲವಾಗುವಂಥದ್ದು ಎಂದು ಅವಳೇ ಹೇಳುತ್ತಾಳೆ. ಹೇಳಿದವಳೇ ನಾಳೆಯೇ ಮದುವೆ ಎನ್ನುತ್ತಾಳೆ. ಇದನ್ನು ವಿಮರ್ಶಕರು ಹುಡುಗಾಟಿಕೆ ಎಂದದ್ದುಂಟು. ನನಗೆ ಹಾಗೆ ಅನಿಸುವುದಿಲ್ಲ. ಅವಳ ಮನೆಯಲ್ಲಿ ಪ್ಯಾರಿಸ್ ಎಂಬ ವರನ ಮಾತು ಆಗಲೇ ಎದ್ದಿದೆ. ಅವಳಿಗೆ ನಿಧಾನಿಸುವ ಮನಸ್ಸಿದೆ, ನಿಧಾನಿಸುವ ಸ್ಥಳವಿಲ್ಲ.

ಇನ್ನು ಆ ಪ್ರಸಿದ್ಧ ಪ್ರಶ್ನೆ. ನೀನು ರೋಮಿಯೋ ಏಕಾದೆ ಎಂದು ಅವಳು ಇರುಳಿಗೆ ಕೇಳುತ್ತಾಳೆ. ಇಂಗ್ಲಿಷಿನಲ್ಲಿ ಅಲ್ಲಿರುವ ಶಬ್ದ ‘ವೇರ್‌ಫೋರ್’. ಶಬ್ದದಲ್ಲಿ ‘ವೇರ್’ ಇರುವುದನ್ನು ನೋಡಿ, ‘ರೋಮಿಯೋ, ಎಲ್ಲಿದ್ದೀಯಾ’ ಎಂದು ಅವಳು ಹುಡುಕುತ್ತಿದ್ದಾಳೆಂದು ತಿಳಿಯುವವರು ಇಂಗ್ಲೆಂಡಿನಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಎಷ್ಟೋ ಪ್ರದರ್ಶನಗಳಲ್ಲಿ ನಟಿ ಹುಬ್ಬಿಗೆ ಕೈಯಿಟ್ಟು ದೂರ ನೋಡುತ್ತಾಳೆ. ಆ ಶಬ್ದದ ಅರ್ಥ ‘ಯಾಕೆ’. ಅವಳು ಹುಡುಕುತ್ತಿಲ್ಲ, ಅವನು ಬಂದಿದ್ದಾನೆ ಎಂಬುದೇ ಅವಳಿಗೆ ಗೊತ್ತಿಲ್ಲ. ಎಲ್ಲರನ್ನೂ ಬಿಟ್ಟು ನಮ್ಮ ಮನೆತನದ ವೈರಿಗಳ ಈ ಹೆಸರಿನವನೇ ಯಾಕೆ ನನಗೆ ಸಿಕ್ಕ ಎಂಬ ಸಂಕಟ ಅದು. ಆ ಮಾತನ್ನು ಕತ್ತಲಲ್ಲಿ ನಿಂತವನು ಕದ್ದು ಕೇಳಿಸಿಕೊಳ್ಳುತ್ತಾನೆ.

ಕದ್ದು ಕೇಳುವ ನಾಯಕ ನಮಗೆ ಹೊಸಬನಲ್ಲ. ‘ಅಭಿಜ್ಞಾನ ಶಾಕುಂತಲ’ದ ಮೂರನೆಯ ಅಂಕದಲ್ಲಿ ದುಷ್ಯಂತ ಕೊಂಬೆಗಳ ಮರೆಯಲ್ಲಿ ನಿಂತು ಶಕುಂತಲೆಯ ಒಳಮಾತನ್ನು ಕೇಳುತ್ತಾನೆ. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲವನ್ನು ನೋಡಿ ಬೆಳೆದ ತಲೆಮಾರಿಗೆ, 1889ರ ಸುಮಾರಿಗೆ ರೋಮಿಯೋ ‘ರಾಮವರ್ಮ’ನಾಗಿ, ಜೂಲಿಯೆಟ್ ‘ಲೀಲಾವತಿ’ಯಾಗಿ ಕನ್ನಡಕ್ಕೆ ಬಂದಾಗ ಈ ತೋಟದ ದೃಶ್ಯ ಪರಕೀಯವೆನಿಸಿರಲಾರದು. ಎರಡು ಕಡೆಯೂ ಪ್ರೇಮಿಗಳ ಮಾತಿನ ನಡುವೆ ಹಿರಿಯ ಹೆಂಗಸೊಬ್ಬಳು ಬರುತ್ತಾಳೆ, ಅಲ್ಲಿ ಗೌತಮಿ, ಇಲ್ಲಿ ದಾದಿ. ಎರಡು ಕಡೆಯೂ ಗಂಡಸಿನ ಮಾತು ನಿಲ್ಲುತ್ತದೆಯೇ ಎಂಬುದೇ ಪಣ. ಆದರೆ ಶಕುಂತಲೆ ರಾಜನ ಮಾತನ್ನು ನಂಬುತ್ತಾಳೆ, ಆಮೇಲೆ ಉಂಗುರವನ್ನು ನಂಬುತ್ತಾಳೆ, ಎರಡೂ ಕೈಕೊಡುತ್ತವೆ. ಜೂಲಿಯೆಟ್ ಅಲ್ಲಿಯೇ, ಆ ಗಳಿಗೆಯಲ್ಲೇ, ಮಾತನ್ನು ತೂಗಿ ನೋಡುತ್ತಾಳೆ. ಅವಳ ಮನಸ್ಸು ಅವನಿಗೆ ಆಗಲೇ ಗೊತ್ತಾಗಿಬಿಟ್ಟಿದೆ. ಬಿಂಕ ಮಾಡಲು, ಮುನಿಸು ನಟಿಸಲು ಅವಕಾಶ ಉಳಿದಿಲ್ಲ. ನಾಚಿಕೆಯಿದೆ, ಅದನ್ನು ಒಪ್ಪಿಕೊಳ್ಳುತ್ತಾಳೆ. ಮುಖ ಕಾಣದಂತೆ ಇರುಳು ಮುಚ್ಚಿದೆ ಎಂಬ ಸಮಾಧಾನವನ್ನೂ ಮುಚ್ಚಿಡುವುದಿಲ್ಲ. ಆಮೇಲೆ ಒಪ್ಪ ಓರಣದ ಮಾತಿಗೆಲ್ಲ ಶರಣು ಹೊಡೆದು ನೇರವಾಗಿ ಕೇಳುತ್ತಾಳೆ: ನನ್ನನ್ನು ಪ್ರೀತಿಸುತ್ತೀಯಾ?

ಈ ಏಕವಚನಕ್ಕೆ ಬರಿಯ ಇಂಗ್ಲಿಷ್ ಬಲ್ಲವರಿಗಿಂತ ನಮ್ಮ ಕಿವಿ ಹೆಚ್ಚು ಸೂಕ್ಷ್ಮವಾಗಿದೆ. ಆಗಿನ ಇಂಗ್ಲಿಷಿನಲ್ಲಿ ನಮ್ಮ ‘ನೀನು’, ‘ನೀವು’ಗಳಂತೆಯೇ ‘ದೌ’, ‘ಯೂ’ ಎಂಬ ಎರಡು ರೂಪಗಳಿದ್ದವು. ಇವತ್ತಿನ ಇಂಗ್ಲಿಷ್ ವಿದ್ಯಾರ್ಥಿಗೆ ಅದನ್ನು ವ್ಯಾಕರಣದಿಂದ ಕಲಿಸಬೇಕು. ನಮ್ಮ ಮಕ್ಕಳಿಗೆ ಒಂದು ಮಾತು ಸಾಕು. ಔತಣದ ಮನೆಯಲ್ಲಿ ಅವನ ಕೈಗೆ ಕೈ ತಾಗಿಸಿದಾಗ ಜೂಲಿಯೆಟ್ ಅವನಿಗೆ ‘ನೀವು’ ಎನ್ನುತ್ತಾಳೆ. ಅಲ್ಲಿ ಇಬ್ಬರೂ ಹದಿನಾಲ್ಕು ಸಾಲಿನ ಒಂದು ಸಾನೆಟ್ಟನ್ನು ಹಂಚಿಕೊಂಡು ಆಡುತ್ತಾರೆ, ಅವನು ಯಾತ್ರಿಕ, ಅವಳು ಪೂಜ್ಯ ಮೂರ್ತಿ. ರೋಮಿಯೋ ಎಂಬ ಹೆಸರಿಗೆ ಇಟಾಲಿಯನ್ನಿನಲ್ಲಿ ರೋಮಿಗೆ ಹೊರಟ ಯಾತ್ರಿಕ ಎಂಬ ಅರ್ಥವೂ ಇದೆ. ಕೆಲವೇ ಗಂಟೆ ಕಳೆದು ತೋಟದಲ್ಲಿ ಅವಳು ‘ನೀನು’ ಎನ್ನುತ್ತಾಳೆ. ಮೊದಲು ತನಗೆ ತಾನೇ ಆಡಿಕೊಳ್ಳುವಾಗ, ಆಮೇಲೆ ಅವನ ಮುಖಕ್ಕೇ. ಗಂಡನಿಗೆ ‘ರೀ’ ಎನ್ನುವ ಊರಿನಲ್ಲಿ ಇದನ್ನು ಕನ್ನಡಕ್ಕೆ ತರುವವರು ಆ ‘ನೀನು’ವನ್ನು ಮೆತ್ತಗಾಗಿಸಬಾರದು ಎಂದು ನನ್ನ ಆಗ್ರಹ. ಇಡೀ ದೃಶ್ಯದ ಧೈರ್ಯ ಆ ಎರಡಕ್ಷರದಲ್ಲಿದೆ.

ಹೆಸರಿನ ಮಾತಿಗೆ ಬರುತ್ತೇನೆ. ನನ್ನ ಅಜ್ಜಿ ಬದುಕಿರುವ ತನಕ ಅಜ್ಜನ ಹೆಸರು ಹೇಳಿದವಳಲ್ಲ. ರೇಷನ್ ಕಾರ್ಡಿಗೆ ಯಜಮಾನರ ಹೆಸರು ಕೇಳಿದಾಗ ನನ್ನ ಭುಜ ಮುಟ್ಟಿ ‘ನೀ ಹೇಳಪಾ’ ಅಂದಿದ್ದಳು. ಆದರೆ ಮದುವೆ ಮನೆಯಲ್ಲಿ ಹೆಂಗಸರೆಲ್ಲ ಸೇರಿ ಒತ್ತಾಯಿಸಿದರೆ ಒಡಪು ಕಟ್ಟಿ, ಪ್ರಾಸದ ತುದಿಯಲ್ಲಿ ಆ ಹೆಸರನ್ನು ಕೂಡಿಸಿ ಹೇಳುತ್ತಿದ್ದಳು. ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಹೆಸರಿಗೆ ಶಕ್ತಿಯಿದೆ ಎಂದು ತಿಳಿದವರು ಮಾಡಿಕೊಂಡ ಏರ್ಪಾಟು ಅದು. ಜೂಲಿಯೆಟ್ ಅದಕ್ಕೆ ಎದುರಾಗಿ ವಾದಿಸುತ್ತಾಳೆ. ಹೆಸರು ಕೈಯಲ್ಲ, ಕಾಲಲ್ಲ, ಮುಖವಲ್ಲ; ಕಳಚಿಡು ಎನ್ನುತ್ತಾಳೆ. ಗುಲಾಬಿಯ ಹೋಲಿಕೆ ಎಲ್ಲರಿಗೂ ಬಾಯಿಪಾಠ, ಅದನ್ನು ಬಿಡುತ್ತೇನೆ.

ಆದರೆ ಅದೇ ಹುಡುಗಿ ದೃಶ್ಯದ ಕೊನೆಗೆ ಏನು ಬಯಸುತ್ತಾಳೆ ಗೊತ್ತೆ? ದಾದಿ ಒಳಗಿನಿಂದ ಕರೆಯುತ್ತಿದ್ದಾಳೆ. ಜೂಲಿಯೆಟ್ ಒಳಹೋಗಿ ಮತ್ತೆ ಓಡಿ ಬಂದಿದ್ದಾಳೆ, ಪಿಸುದನಿಯಲ್ಲಿ ಕರೆಯುತ್ತಿದ್ದಾಳೆ. ಗಟ್ಟಿಯಾಗಿ ಕೂಗಲಾಗುವುದಿಲ್ಲ, ಮನೆಯಲ್ಲಿ ಕಟ್ಟಿಹಾಕಿದ ದನಿ ಅವಳದು. ಕೂಗುವಂತಿದ್ದರೆ ಪ್ರತಿಧ್ವನಿ ವಾಸಿಸುವ ಗುಹೆಯೇ ಸೀಳಿಹೋಗುವಂತೆ, ಆ ಪ್ರತಿಧ್ವನಿಯ ಗಂಟಲೇ ಕಟ್ಟುವಂತೆ, ರೋಮಿಯೋ ರೋಮಿಯೋ ಎಂದು ಕೂಗುತ್ತಿದ್ದೆ ಎನ್ನುತ್ತಾಳೆ. ಕಳಚಿಡು ಎಂದ ಹೆಸರೇ ಅವಳಿಗೆ ಈಗ ಬೇಕು. ಈ ತಿರುವನ್ನು ಗಮನಿಸಲು ನನಗೆ ಬಹಳ ಕಾಲ ಹಿಡಿಯಿತು. ಗಮನಿಸುವಂತೆ ಮಾಡಿದವಳು ಒಬ್ಬ ವಿದ್ಯಾರ್ಥಿನಿ.

ಬಿ.ಎ. ಕೊನೆಯ ವರ್ಷದ ತರಗತಿ. ಹೆಸರಿನ ಭಾಗವನ್ನು ಮುಗಿಸಿ, ಶಬ್ದಕ್ಕೂ ವಸ್ತುವಿಗೂ ಇರುವ ಸಂಬಂಧ ಕೇವಲ ರೂಢಿಯದು ಎಂಬ ತತ್ತ್ವವನ್ನು ನಾನು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ‘ಸರ್, ಅಡ್ಡಹೆಸರು ಬಿಟ್ಟುಬಿಡು ಅಂತ ಆಕಿ ಕತ್ತಲದಾಗ ಹೇಳ್ಯಾಳ್ರಿ. ಹಗಲಾಗ, ಓಣ್ಯಾಗ ನಿಂತು ಹೇಳಾಕ ಆಗ್ತಿತ್ತೇನ್ರಿ?’ ಎಂದಳು. ತರಗತಿ ಸುಮ್ಮನಾಯಿತು. ನಮ್ಮ ಭಾಗದಲ್ಲಿ ಅಡ್ಡಹೆಸರು ಕೇಳಿದರೆ ಜಾತಿ ಕೇಳಿದಂತೆಯೇ. ಯಾರ ಮನೆಯ ಮಗಳನ್ನು ಯಾರ ಮನೆಯ ಮಗ ನೋಡಿದ್ದಕ್ಕೆ ಏನಾಯಿತು ಎಂಬ ಸುದ್ದಿಗಳನ್ನು ಓದುತ್ತ ಬೆಳೆದ ಮಕ್ಕಳು ಅಲ್ಲಿ ಕೂತಿದ್ದರು. ಅವಳು ಕೇಳಿದ್ದು ತತ್ತ್ವವಲ್ಲ ಎಂದು ನನಗೆ ತಿಳಿಯಿತು. ಆದರೂ ನಾನು ಟಿಪ್ಪಣಿಯಲ್ಲಿದ್ದ ಉತ್ತರವನ್ನೇ ಕೊಟ್ಟೆ, ಇದು ಕಾವ್ಯದ ಸತ್ಯ ಎಂದೇನೋ ಹೇಳಿದೆ. ಅವಳು ಕೂತುಕೊಂಡಳು. ಆ ಉತ್ತರಕ್ಕಾಗಿ ನನಗೆ ಇವತ್ತಿಗೂ ನೋವಿದೆ. ಇವತ್ತಿನ ಈ ಉಪನ್ಯಾಸವನ್ನು ಅವಳಿಗೆ ತಡವಾಗಿ ಕೊಡುತ್ತಿರುವ ಉತ್ತರ ಎಂದೇ ಬರೆದುಕೊಂಡು ಬಂದಿದ್ದೇನೆ.

ಅವಳ ಪ್ರಶ್ನೆಯನ್ನು ಹಿಡಿದು ನಾಟಕದಲ್ಲಿ ಮುಂದಕ್ಕೆ ಹೋದರೆ, ಷೇಕ್ಸ್‌ಪಿಯರ್ ಅದನ್ನೇ ಕೇಳುತ್ತಿದ್ದ ಎಂಬುದು ಕಾಣುತ್ತದೆ. ಮಾರನೆಯ ದಿನ ಮಧ್ಯಾಹ್ನ, ಉರಿಬಿಸಿಲು, ಓಣಿ. ಈಗಷ್ಟೇ ಗುಟ್ಟಾಗಿ ಮದುವೆಯಾಗಿ ರೋಮಿಯೋ ಬರುತ್ತಾನೆ. ಜೂಲಿಯೆಟ್ಟಳ ಸೋದರಸಂಬಂಧಿ ಟಿಬಾಲ್ಟ್ ಜಗಳಕ್ಕೆ ಕರೆಯುತ್ತಾನೆ. ರೋಮಿಯೋ ಕತ್ತಿ ಹಿರಿಯುವುದಿಲ್ಲ. ಕ್ಯಾಪ್ಯುಲೆಟ್ ಎಂಬ ಹೆಸರು, ಎಂದರೆ ಜೂಲಿಯೆಟ್ಟಳ ಮನೆತನದ ಹೆಸರು, ನನಗೆ ನನ್ನ ಹೆಸರಿನಷ್ಟೇ ಪ್ರಿಯ ಎನ್ನುತ್ತಾನೆ. ತೋಟದಲ್ಲಿ ಕಲಿತ ಪಾಠವನ್ನು ಅವನು ಹಗಲಲ್ಲಿ ಒಪ್ಪಿಸುತ್ತಿದ್ದಾನೆ. ಸುತ್ತ ನಿಂತವರಿಗೆ ಆ ಮಾತು ಅರ್ಥವೇ ಆಗುವುದಿಲ್ಲ. ಗೆಳೆಯ ಮರ್ಕ್ಯೂಶಿಯೋನಿಗೆ ಅದು ಹೇಡಿತನವಾಗಿ ಕೇಳುತ್ತದೆ, ಅವನು ಕತ್ತಿ ಹಿರಿಯುತ್ತಾನೆ, ರೋಮಿಯೋ ಬಿಡಿಸಲು ಹೋದಾಗ ಅವನ ತೋಳಿನ ಕೆಳಗಿನಿಂದ ಬಂದ ಇರಿತಕ್ಕೆ ಸಾಯುತ್ತಾನೆ. ಆಮೇಲೆ ರೋಮಿಯೋ ಟಿಬಾಲ್ಟನನ್ನು ಕೊಲ್ಲುತ್ತಾನೆ. ಅಲ್ಲಿಯವರೆಗೆ ಹಾಸ್ಯನಾಟಕದಂತೆ ನಡೆಯುತ್ತಿದ್ದದ್ದು ಆ ಓಣಿಯಲ್ಲಿ ದುರಂತವಾಗಿ ತಿರುಗುತ್ತದೆ.

ಅಂದು ಸಂಜೆ, ಮದುವೆ ಮಾಡಿಸಿದ ಪಾದ್ರಿಯ ಕೋಣೆಯಲ್ಲಿ ಅಡಗಿ ಅಳುತ್ತಿರುವ ರೋಮಿಯೋ, ನನ್ನ ಹೆಸರು ಈ ಮೈಯ ಯಾವ ಭಾಗದಲ್ಲಿದೆ ಹೇಳಿ, ಅದನ್ನು ಕೊಯ್ದು ಹಾಕುತ್ತೇನೆ ಎಂದು ಬಾಕು ತೆಗೆಯುತ್ತಾನೆ. ಹೆಸರು ಕೈಯಲ್ಲ ಕಾಲಲ್ಲ ಎಂದು ಅವಳು ಹೇಳಿದ್ದು ಹಿಂದಿನ ರಾತ್ರಿ. ಒಂದು ದಿನದೊಳಗೆ ಅವನು ತನ್ನ ಮೈಯಲ್ಲೇ ಅದನ್ನು ಹುಡುಕುತ್ತಿದ್ದಾನೆ. ಈ ಎರಡು ದೃಶ್ಯಗಳನ್ನು ಒಟ್ಟಿಗೆ ಓದದವರಿಗೆ ತೋಟದ ದೃಶ್ಯ ಬರಿಯ ಸಿಹಿಯಾಗಿ ಉಳಿಯುತ್ತದೆ. ಒಟ್ಟಿಗೆ ಓದಿದ ಮೇಲೆ ಹಾಗೆ ಉಳಿಯುವುದಿಲ್ಲ. ಜೂಲಿಯೆಟ್ ಹೇಳಿದ್ದು ತಪ್ಪೇ ಎಂದು ನೀವು ಕೇಳಬಹುದು. ತಪ್ಪಲ್ಲ. ಅವಳು ಹೇಳಿದ್ದು ನಿಜ, ಅದನ್ನು ಕೇಳಿಸಿಕೊಳ್ಳುವ ಊರು ಇರಲಿಲ್ಲ. ದುರಂತ ಇರುವುದು ಈ ನಿಜಕ್ಕೂ ಆ ಊರಿಗೂ ನಡುವಿನ ಒಂದು ಗೋಡೆಯಷ್ಟು ದೂರದಲ್ಲಿ. ಆ ಗೋಡೆ ಎತ್ತರ, ಸಿಕ್ಕಿಬಿದ್ದರೆ ಕೊಲ್ಲುತ್ತಾರೆ ಎಂದು ಅವಳು ಅವನಿಗೆ ಆ ರಾತ್ರಿಯೇ ಎಚ್ಚರಿಸಿದ್ದಳು. ಅವನು ಒಲವಿನ ರೆಕ್ಕೆಯ ಮಾತಾಡಿದ್ದ.

ಇಷ್ಟೆಲ್ಲ ಭಾರ ಹೊರಿಸಿದ ಮೇಲೆ ದೃಶ್ಯದ ಒಂದು ಹಗುರ ಗಳಿಗೆಗೆ ಮರಳುವುದು ನನ್ನ ಕರ್ತವ್ಯ. ಅದು ನನಗೆ ತುಂಬ ಪ್ರೀತಿಯದು. ಗಂಟೆ ಗೊತ್ತಾಗಿದೆ, ಮಾತೆಲ್ಲ ಮುಗಿದಿದೆ. ಅವಳು ಅವನನ್ನು ಮತ್ತೆ ಕರೆದಿದ್ದಾಳೆ. ಕರೆದದ್ದು ಯಾಕೆಂದು ಮರೆತುಹೋಗಿದೆ. ನಿನಗೆ ನೆನಪಾಗುವ ತನಕ ಇಲ್ಲೇ ನಿಂತಿರುತ್ತೇನೆ ಎನ್ನುತ್ತಾನೆ ಅವನು. ಹಾಗಾದರೆ ನೀನು ನಿಂತೇ ಇರಲಿ ಎಂದು ನಾನು ಮರೆಯುತ್ತಲೇ ಇರುತ್ತೇನೆ ಎನ್ನುತ್ತಾಳೆ ಅವಳು. ಸೂರ್ಯ, ನಕ್ಷತ್ರ, ದೇವದೂತೆ ಎಲ್ಲ ಉದುರಿಹೋಗಿವೆ. ಸೀದಾ ಮಾತು. ಅವನಿಗೂ ಈಗ ಹಾಗೆ ಮಾತಾಡಲು ಬಂದಿದೆ, ಅವಳಿಂದ ಬಂದಿದೆ. ಗಮನಿಸಿ, ಈ ದೃಶ್ಯದ ಉದ್ದಕ್ಕೂ ಅವರು ಒಬ್ಬರನ್ನೊಬ್ಬರು ಮುಟ್ಟುತ್ತಾರೆಂದು ಹೇಳುವ ಒಂದು ಸಾಲೂ ಇಲ್ಲ. ಸಿನೆಮಾಗಳು ಕಾಯಲಾರದೆ ಹೋದವು. ಜೆಫಿರೆಲ್ಲಿಯ 1968ರ ಚಿತ್ರದಲ್ಲಿ ರೋಮಿಯೋ ಮರ ಹತ್ತುತ್ತಾನೆ, ಬಾಜ್ ಲುಹರ್ಮನ್‌ನ 1996ರ ಚಿತ್ರದಲ್ಲಿ ಇಬ್ಬರೂ ಈಜುಕೊಳದೊಳಗಿದ್ದಾರೆ. ಅವುಗಳ ಚೆಲುವು ಅವುಗಳಿಗಿರಲಿ. ಪಠ್ಯದಲ್ಲಿ ಅವಳು ಮೇಲೆ, ಅವನು ಕೆಳಗೆ, ನಡುವೆ ಮಾತು ಮಾತ್ರ. ಅದೇ ಮೇಲಿನ ಜಾಗಕ್ಕೆ ಅವರು ಇನ್ನೊಮ್ಮೆ ಬರುತ್ತಾರೆ, ಮಂಗಳವಾರದ ಬೆಳಗಿನ ಜಾವ, ಗಂಡ ಹೆಂಡತಿಯಾಗಿ. ಅವನು ಹಗ್ಗದ ಏಣಿಯಿಂದ ಇಳಿಯುತ್ತಾನೆ. ಅವಳು ಮೇಲಿನಿಂದ ನೋಡಿದಾಗ ಅವನು ಗೋರಿಯ ತಳದಲ್ಲಿ ಮಲಗಿದವನಂತೆ ಕಾಣುತ್ತಾನೆ. ಇಬ್ಬರೂ ಎಚ್ಚರವಾಗಿ ಒಬ್ಬರನ್ನೊಬ್ಬರು ನೋಡಿದ್ದು ಅದೇ ಕೊನೆ.

ನನ್ನ ಮಾತಿನ ನಂತರ ಇದೇ ಊರಿನ ಇಬ್ಬರು ವಿದ್ಯಾರ್ಥಿಗಳು ಈ ದೃಶ್ಯವನ್ನು ತಾವೇ ಮಾಡಿಕೊಂಡ ಕನ್ನಡದಲ್ಲಿ ಓದಲಿದ್ದಾರೆ. ಬಾಲ್ಕನಿ ಇಲ್ಲ, ಹುಡುಗಿ ಒಂದು ಬೆಂಚಿನ ಮೇಲೆ ನಿಲ್ಲುತ್ತಾಳೆ. ಅವಳು ‘ನೀನು’ ಎಂದೇ ಕರೆಯುತ್ತಾಳೆ. ಸಭಾಂಗಣದ ದೀಪ ಆರಿಸೋಣವೇ, ರಾತ್ರಿಯ ದೃಶ್ಯವಲ್ಲವೆ ಎಂದು ಸಂಘಟಕರು ಆಗಲೇ ಕೇಳಿದರು. ಆರಿಸಬೇಡಿ ಎಂದು ಕೇಳಿಕೊಂಡಿದ್ದೇನೆ. ಕಿಟಕಿಗಳನ್ನೂ ತೆರೆದೇ ಇಡಿ, ರಸ್ತೆಗೆ ಕೇಳಿಸಲಿ.